ಮೇಲಿನಿಂದ ಕೆಳಕ್ಕೆ, ನಾಲ್ಕು ಅಕ್ಷರ

ಬಾರ್ಕೂರಿನ ಟ್ರಿಪ್ಪಿಗೆ ಇನ್ನೂ ನಲವತ್ತು ನಿಮಿಷ.
ಉಡುಪಿ ಸರ್ವಿಸ್ ಸ್ಟ್ಯಾಂಡಿನ ಹಿಂದಣ ವಾಚನಾಲಯದಲ್ಲಿ
ಚಿಲ್ಲರೆ ಚೀಲ ಮಡಿಲಲ್ಲಿಟ್ಟು ಕೂರುತ್ತೇನೆ,
ಶಬ್ದವಾಗದಂತೆ.
ಪೇಪರಿನ ಏಳನೇ ಪುಟಕ್ಕೆ ನನಗಿಂತ ಮೊದಲೇ
ಯಾರೋ ಬಂದು ಹೋಗಿರುತ್ತಾರೆ.
ಹಸಿರು ಶಾಯಿ. ದುಂಡಗಿನ ಅಕ್ಷರ.
ತ-ಕ್ಕೆ ಬಾಲ ಸ್ವಲ್ಪ ಜಾಸ್ತಿ.

ಅವರಿಗೆ ಕವಿತೆ ಬರುತ್ತದೆ, ಚರಿತ್ರೆ ಬಾರದು.
ಆರು ಕಾಲಿದೆ, ಹೆಜ್ಜೆಯಿಲ್ಲ (೩): ಷಟ್ಪದಿ.
ಎತ್ತಿಕೊಂಡರೆ ಮಗು, ಬರೆದರೆ ಪದ್ಯ (೨): ಕಂದ.
ಮಠದಲ್ಲಿ ಒಬ್ಬರು, ಸಾಲಿನಲ್ಲಿ ಒಂದು ನಿಲುಗಡೆ (೨).
ಹೆಬ್ಬೆರಳಲ್ಲಿ ಉತ್ತರ ಮುಚ್ಚಿಕೊಂಡು
ಸ್ಟಾಪು, ಸ್ಟಾಪು ಎಂದೇ ತಲೆ ಕೆಡಿಸಿಕೊಂಡೆ.
ಬೆರಳೆತ್ತಿದರೆ: ಯತಿ.
ರಗಳೆಯೂ ಕಾವ್ಯವಂತೆ!
ಹತ್ತು ರೂಪಾಯಿ ಟಿಕೇಟಿಗೆ ಐನೂರರ ನೋಟು ಹಿಡಿದವನ ಜತೆ
ದಿನಾ ನಾನು ಮಾಡುವುದೇನು ಹಾಗಾದರೆ?

ಉಳಿದ ಬಿಳಿ ಮನೆಗಳು ನನಗೆ.
ಓದಿದವನಲ್ಲ. ಎಂಟನೇ ಕ್ಲಾಸು, ಅದೂ ಅರ್ಧ.
ಆದರೆ ಇಪ್ಪತ್ತೊಂದು ವರ್ಷ
ಚೌಳಿಕೇರಿ, ಕೋಟೆಕೇರಿ ಎಂದು ಕೂಗಿ ಕೂಗಿ
ಗಂಟಲಲ್ಲೊಂದು ರಾಜಧಾನಿ ಉಳಿದುಬಿಟ್ಟಿದೆ.
ಮುಂದಿನ ಸೀಟಿನ ವೋಮಯ್ಯ ಗಾಣಿಗರು
ಗದ್ದೆಬದಿಯ ಕಲ್ಲುಗಳನ್ನು ಕಿಟಕಿಯಿಂದಲೇ ಓದಿಸಿದ್ದಾರೆ:
ಇದು ದಾನದ್ದು, ಅದು ಸುಂಕದ್ದು,
ಇದರಲ್ಲಿ ಹೆಸರೇ ಸವೆದಿದೆ ನೋಡು,
ಮನೆ ಇದೆ, ಅಕ್ಷರವಿಲ್ಲ,
ನಾಳೆಯ ಪೇಪರಿನಲ್ಲಿ ಉತ್ತರವೂ ಬರುವುದಿಲ್ಲ.

ಕರಾವಳಿಯ ಹಳೆಯ ಅರಸರು (೪).
ಹಸಿರು ಶಾಯಿ ಒಂದೇ ಸಲ ಚರಿತ್ರೆಗೆ ಕೈ ಹಾಕಿತ್ತು: ಅಳುಪರು.
ಅಳುವವರಲ್ಲ ಮಾರಾಯ್ರೆ, ಆಳಿದವರು.
ನೀಲಿಯಲ್ಲಿ ಒಂದು ದೀರ್ಘ ಎಳೆದೆ.

ಹೀಗೆ ಒಂದು ಮಳೆಗಾಲ, ಒಂದು ಸೆಕೆಗಾಲ.
ನಮ್ಮಿಬ್ಬರ ನಡುವೆ ಮಾತಿರಲಿಲ್ಲ,
ಕಪ್ಪು ಮನೆಗಳಿದ್ದವು.

ಸೋಮವಾರ ಗೋಡೆಗೆ ರಟ್ಟು ತೂಗಿತ್ತು:
'ಪತ್ರಿಕೆಯ ಮೇಲೆ ಯಾರೂ ಬರೆಯತಕ್ಕದ್ದಲ್ಲ.'
ಹಸಿರು ಶಾಯಿ. ದುಂಡಗಿನ ಅಕ್ಷರ.
ತ-ಕ್ಕೆ ಬಾಲ.
ಮೇಜಿನ ಹಿಂದೆ ವಾರಿಜಾ ಮೇಡಂ
ರಿಜಿಸ್ಟರಿಗೆ ಗೆರೆ ಎಳೆಯುತ್ತಿದ್ದರು.
ಆ ಗೆರೆ ಮುಗಿಯುವಂತೆಯೇ ಕಾಣಲಿಲ್ಲ.

ಮಂಗಳವಾರ ನಾನು ಪೆನ್ನು ತಂದಿರಲಿಲ್ಲ.
ನಿಯಮ ನಿಯಮವೇ.
ಆದರೂ ಏಳನೇ ಪುಟ.
ಎಡದಿಂದ ಬಲಕ್ಕೆ: ಜೊತೆಗಾರಿಕೆ; ಒಂದು ಛಂದಸ್ಸು (೩).
ಸಾಂ ಇತ್ತು, ತ್ಯ ಇತ್ತು, ಹಸಿರಿನಲ್ಲಿ.
ನಡುಮನೆ ಖಾಲಿ.
ಅದೇ ಮನೆ ಹಾದು ಮೇಲಿನಿಂದ ಕೆಳಕ್ಕೆ ಇಳಿಯುವುದು
ಸತ್ತವನನ್ನು ನಿಲ್ಲಿಸಿಟ್ಟ ಕಲ್ಲು (೪).
ವೀ, ರ,
ಮೂರನೆಯದು ಅವರದೂ ಹೌದು, ನನ್ನದೂ.

ಹೊರಗೆ ಡ್ರೈವರ್ ಹಾರ್ನ್ ಒತ್ತಿದ, ಎರಡು ಸಲ.
'ಮೇಡಂ, ಒಂದು ಪೆನ್ನು...'
ಅವರು ತಲೆ ಎತ್ತಲಿಲ್ಲ.
ಕೊಟ್ಟರು.
ಮುಚ್ಚಳ ಮೊದಲೇ ತೆಗೆದಿತ್ತು.