ಎರಡು ಚುಕ್ಕಿ

ಐಡರ್ ನದಿಯ ದಂಡೆಯ ಆ ಪುಟ್ಟ ಊರಿನವರು
ಸುಳ್ಳು ಹೇಳಲಿಲ್ಲ.
ಬೇಕರಿಯ ಹೆಂಗಸು ಕಟಕಟೆ ಹತ್ತಿ
ಕರವಸ್ತ್ರ ಹಿಂಡುತ್ತ ಅಂದಳು:
ನಮ್ಮ ಡಾಕ್ಟರ ಕೈಗುಣ ದೊಡ್ಡದು,
ಗಂಟಲಮಾರಿ ಬಂದ ನನ್ನ ಮಗಳನ್ನು
ರಾತ್ರಿಯೆಲ್ಲ ಕೂತು ಉಳಿಸಿಕೊಟ್ಟರು.
ಸ್ಟೆತಾಸ್ಕೋಪನ್ನು ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿ
ಆಮೇಲೆ ಮಗುವಿನ ಎದೆಗಿಡುತ್ತಿದ್ದರು.

ನಿಜ.
ಅಲ್ಲಿಯೂ ಹಾಗೇ ಮಾಡುತ್ತಿದ್ದ ಎಗ್ಬರ್ಟ್ ಲೋಡೆಮನ್.
ಇಟ್ಟಿಗೆ ಕಟ್ಟಡದ ಆಸ್ಪತ್ರೆಯಲ್ಲಿ, ಫೆಬ್ರವರಿಯಲ್ಲಿ,
ಇನ್ನು ಇಪ್ಪತ್ತೇ ನಿಮಿಷ ಮಿಡಿಯಲಿರುವ ಎದೆಗೂ
ತಣ್ಣನೆಯದನ್ನು ತಾಗಿಸಿದವನಲ್ಲ.

ನಾನು ಬರೆಯುವವಳು.
ಪ್ರಾಗ್‌ನ ಜರ್ಮನ್ ಶಾಲೆಯಲ್ಲಿ ಅಕ್ಷರ ದುಂಡಗಾಗಿತ್ತು,
ಅದಕ್ಕೆ ಉಳಿದೆ.
ಅವನು ಕಿಟಕಿಯ ಬಳಿ ನಿಂತು, ಸೇಬು ಹೆಚ್ಚುತ್ತ, ಹೇಳುತ್ತಿದ್ದ:
ಇವನಿಗೆ ನ್ಯುಮೋನಿಯಾ. ಇವಳಿಗೆ ಕರುಳಿನ ಉರಿ.
ಇವನಿಗೆ... ಹಿಂದಿನವನಿಗೆ ಏನು ಬರೆದೆ?
ಹಾಗಾದರೆ ಹೃದಯ ದೌರ್ಬಲ್ಯ.
ಒಂದರ ಕೆಳಗೊಂದು ಅದೇ ಕಾಯಿಲೆ ಬಂದರೆ
ಪುಟ ಚೆನ್ನಾಗಿ ಕಾಣುವುದಿಲ್ಲ.

ಸಾವಿನ ಹೊತ್ತನ್ನೂ ಹೇಳುತ್ತಿದ್ದ, ಮುಂಚೆಯೇ,
ರೈಲಿನವರ ಹಾಗೆ.
ಹತ್ತು ಇಪ್ಪತ್ತು. ಹತ್ತು ಇಪ್ಪತ್ತೆಂಟು.

ಹತ್ತು ಇಪ್ಪತ್ತೆಂಟು ಬೆಂಚಿನ ಮೇಲೆ ಕೂತಿತ್ತು,
ಕಾಲು ನೆಲಕ್ಕೆ ಎಟುಕದೆ.
ಮಂಡಿ ಊದಿಕೊಂಡು ಬಂದ ಹುಡುಗ,
ದರ್ಜಿ ರೌಬಿಚೆಕ್‌ನ ಮಗ, ನಮ್ಮ ಪಕ್ಕದ ಬೀದಿ.
ಏನಕ್ಕ ಬರೀತಿದ್ದೀಯ ಅಂದ.
ನಿನ್ನ ಹೆಸರು ಅಂದೆ.
ಸರಿಯಾಗಿ ಬರಿ, ಹಿಲ್ಲೆಲ್ ಅಂದರೆ ಮೂರು ಎಲ್,
ನಮ್ಮ ಮೇಷ್ಟ್ರೂ ಎರಡೇ ಹಾಕೋರು.
ಬಾಗಿಲು ತೆರೆಯಿತು. ಫೀನಾಲಿನ ವಾಸನೆ.
ಲೋಡೆಮನ್ ಅವನ ಕೆನ್ನೆ ತಟ್ಟಿ, ಬಾ ಮರಿ, ಅಂದ.
ಉಳಿದರ್ಧ ಸೇಬನ್ನು ಅವನ ಕೈಗಿಟ್ಟ.

ಅವತ್ತಿನಿಂದ ನಾನೊಂದು ತಪ್ಪು ಮಾಡತೊಡಗಿದೆ.
ದೌರ್ಬಲ್ಯ ಎನ್ನುವ ಅವರ ಪದದಲ್ಲಿ
ಒಂದು ಅಕ್ಷರದ ನೆತ್ತಿಗೆ ಎರಡು ಚುಕ್ಕಿ ಇಡಬೇಕು.
ಇಡಲಿಲ್ಲ.
ಧೈರ್ಯ ಅನ್ನಬೇಡಿ,
ಧೈರ್ಯವಿದ್ದವರೆಲ್ಲ ಆಗಲೇ ಪುಟದೊಳಗಿದ್ದರು.
ಕೈ ಒಲ್ಲೆನೆಂದಿತು, ಅಷ್ಟೆ.
ಅವನು ಹೊಡೆಯಲಿಲ್ಲ. ದಡ್ಡ ಮಗು ಸಿಕ್ಕ ಮೇಷ್ಟ್ರ ಹಾಗೆ
ನಿಟ್ಟುಸಿರು ಬಿಟ್ಟು, ಬಗ್ಗಿ,
ತನ್ನ ಪೆನ್ನಿನ ಹಸಿರು ಶಾಯಿಯಲ್ಲಿ
ಟಕ್, ಟಕ್,
ತಾನೇ ಇಟ್ಟ.
ಪ್ರತಿ ಸಲವೂ. ಎರಡು ಚಳಿಗಾಲ.

ಇಪ್ಪತ್ತು ವರ್ಷದ ಮೇಲೆ ವಕೀಲ ಕೇಳಿದ:
ಈ ಕೈಬರಹ ಯಾರದಮ್ಮ?
ನನ್ನದು.
ಎಲ್ಲ ಪುಟಗಳೂ?
ಎಲ್ಲವೂ.
ಹಾಗಾದರೆ ನನ್ನ ಕಕ್ಷಿದಾರರ ಕೈ ಇಲ್ಲಿ ಎಲ್ಲಿದೆ?
ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.
ಬೇಕರಿಯವಳು ನನ್ನನ್ನೇ ನೋಡಿದಳು.
ಭೂತಗನ್ನಡಿ ತರಿಸಿ, ಅಂದೆ ನ್ಯಾಯಾಧೀಶರಿಗೆ,
ಚುಕ್ಕಿ ಎಣಿಸಿ.

ಎಣಿಸಿದರು. ಎಲ್ಲರಿಗೂ ಮಧ್ಯಾಹ್ನದ ಊಟ ತಪ್ಪಿತು.
ಏಳುನೂರ ಹದಿನಾಲ್ಕು ಜೊತೆ, ಹಸಿರು,
ಕಾಗದದೊಳಗಿಂದ ಮೇಲೆ ನೋಡುತ್ತಿದ್ದವು.

ಒಂಬತ್ತು ವರ್ಷ ಅಂದರು.
ಮೂರನೆಯ ವರ್ಷ ಬಿಟ್ಟರು, ವೈದ್ಯಕೀಯ ಕಾರಣ.
ಪತ್ರಿಕೆಯ ತುಣುಕನ್ನು ಯಾರೋ ನನಗೆ ಕಳಿಸಿದರು.
ಹೃದಯ ದೌರ್ಬಲ್ಯ ಎಂದಿತ್ತು,
ಚುಕ್ಕಿ ಎರಡೂ ಸರಿಯಾಗಿ, ಅಚ್ಚಿನಲ್ಲಿ.

ಕೈಗುಣದ ಮಾತು ಆ ಊರಲ್ಲಿ ಈಗಲೂ ಬರುತ್ತದಂತೆ.
ಬರಲಿ.
ನನ್ನ ಕೈಗೆ ಎಂಬತ್ತೊಂದು. ನಡುಗುತ್ತದೆ.
ದಿನಸಿಯ ಚೀಟಿ ಅಂಗಡಿಯವನಿಗೆ ಓದಲಾಗುವುದಿಲ್ಲ.
ಅವತ್ತು ಮೂರೂ ಹಾಕಿದ್ದೆನೇ?
ಆ ಪುಟ ಮಾತ್ರ ಕೋರ್ಟಿನಲ್ಲಿ ಸಿಗಲಿಲ್ಲ.
ಕೆಲವು ಬೆಳಿಗ್ಗೆ, ಹಬೆ ಕೂತ ಕಿಟಕಿಗಾಜಿನ ಮೇಲೆ
ಬೆರಳಿಂದ ಬರೆದು ನೋಡುತ್ತೇನೆ,
ಒಂದು ಎಲ್, ಅದರ ಪಕ್ಕಕ್ಕೆ ಇನ್ನೊಂದು,
ನಡುವೆ ಬೇರೆ ಅಕ್ಷರ,
ಆಮೇಲೆ, ನೀರಾಗಿ ಇಳಿಯುವ ಮೊದಲು,
ಮೂರನೆಯದು.