ಸಮಯ ನೋಡುವವನು

ಡರ್ಬಿ. ಫೆಬ್ರವರಿಯ ಶನಿವಾರ. ಶಾಲೆಯ ಊಟದ ಕೋಣೆಯಲ್ಲಿ
ಭಾಷಣ ಸ್ಪರ್ಧೆ. ಸಮಯ ನೋಡುವ ಕೆಲಸ ನನ್ನದು.
ಅಭ್ಯಾಸಬಲ, ಚೀಲದಲ್ಲಿ ಗಂಟೆ ತಂದಿದ್ದೆ;
ಮೊದಲ ಹುಡುಗ ಅದನ್ನೆತ್ತಿ ಅಲ್ಲಾಡಿಸಿ
ನನ್ನ ಮುಖ ನೋಡಿ ನಕ್ಕ.
ಕೊನೆಗೆ ಯಾರದೋ ಸೈಕಲ್ಲಿನ ಕೆಂಪು ದೀಪ ಸಿಕ್ಕಿತು.

ಒಂಬತ್ತನೆಯವಳು ರೋವೆನಾ ಕ್ಲೆಗ್.
ವಿಷಯ: ಅಜ್ಜನ ಪಾರಿವಾಳಗಳು.
ಅವಳ ಬೆರಳು ಗೂಡಿನ ಚಿಲಕ ತೆಗೆದದ್ದೇ ತಡ
ಮೈಕು ಕೈಕೊಟ್ಟಿತು.
ಹೀಟರಿನ ಗೊರಗೊರದಲ್ಲಿ ಮುಳುಗಿತು ದುಭಾಷಿಯ ದನಿ.
ತೀರ್ಪುಗಾರರು ಮೂವರೂ ಕಿವಿಗೆ ಕೈಹಚ್ಚಿ ಬಾಗಿದರು.
ಸಭೆಗೆ ಗೊತ್ತೇ ಆಗಲಿಲ್ಲ.

ಒಂದು ಹಕ್ಕಿ ಮರಳಲಿಲ್ಲವೆಂದು ತೋರುತ್ತದೆ:
ಎಡಗೈ ಮೇಲೇ ನಿಂತಿತ್ತು, ಖಾಲಿ;
ಬಲಗೈ ಕಾಳು ಹಿಡಿದೇ ಇತ್ತು.
ಎರಡನೇ ಸಾಲಿನಲ್ಲಿ ಒಬ್ಬಾಕೆ ಮೂಗೊರೆಸಿಕೊಂಡಳು.
ನಾಲ್ಕು ನಿಮಿಷ ಮುಗಿದು ಹನ್ನೊಂದು ಸೆಕೆಂಡು.
ದೀಪದ ಗುಂಡಿಯ ಮೇಲೆ ನನ್ನ ಹೆಬ್ಬೆರಳು.
ಒತ್ತಲಿಲ್ಲ.
ಹಾಳೆಯಲ್ಲಿ ಬರೆದೆ: ನಾಲ್ಕು ನಿಮಿಷ, ಸರಿಯಾಗಿ.

ತೀರ್ಪುಗಾರರಲ್ಲಿ ಹಿರಿಯರು ಎದ್ದು
‘ಕೇಳಿಸಲಿಲ್ಲಮ್ಮ, ಇನ್ನೊಮ್ಮೆ’ ಎಂದರು.
ರೋವೆನಾ ಅವರ ತುಟಿ ಓದಿದಳು.
ಬೇಸರಿಸಲಿಲ್ಲ. ಮತ್ತೆ ಚಿಲಕಕ್ಕೆ ಕೈಹಾಕಿದಳು,
ಈ ಸಲ ನಿಧಾನವಾಗಿ,
ಕಿವಿಯಿದ್ದವರಿಗೂ ತಿಳಿಯುವ ಹಾಗೆ.