ರಜಿಸ್ಟರಿನಾಗ ಇಲ್ಲದಾಂವ

ಪುಣೆದಾಗ, ವಾರ್ಜೆ ನಾಕಾದ ಹಿಂದ,
ಮಯೂರೇಶ ಸೊಸೈಟಿ ಗೇಟಿಗಿ ನಾ ಕೂತು ಆರು ವರ್ಷ ಆತು.
ಒಂದು ಕುರ್ಚಿ, ಅದಕ್ಕ ಕಾಲು ಮೂರೂವರಿ.
ಒಂದು ರಜಿಸ್ಟರು, ದಾರದಾಗ ಜೋತುಬಿದ್ದ ಪೆನ್ನು.
ಹೆಸರು, ಎಲ್ಲಿಂದ, ಯಾರ ಮನಿಗಿ, ಇನ್ ಟೈಮ್, ಔಟ್ ಟೈಮ್, ಸಹಿ.

ಬರದದ್ದೆಲ್ಲ ಖರೆ ಅಂತ ನಾ ಯಾವತ್ತೂ ನಂಬಿಲ್ಲ.
ಒಬ್ಬ ಹುಡುಗ ಹೆಸರಿನ ಜಾಗಾದಾಗ ‘ಯಮ’ ಅಂತ ಬರದು
ಪಿಜ್ಜಾ ಕೊಟ್ಟು ಹೋಗ್ಯಾನ.
ಅದಕ್ಕ ನಾ ಇಂಟರ್‌ಕಾಮ್ ಒತ್ತಿ ಮ್ಯಾಲ ಕೇಳತೀನಿ:
ಇಂಥಾಂವ ಬಂದಾನ, ನೀವು ಕರದೀರೇನು?
ಬಂದಾಂವನ ಮಾತಿಗಿ ಅಲ್ಲ,
ಮನಿಯವರ ಮಾತಿಗಿ ಗೇಟು ತೆರೀತದ.

ಇದು ಕಂಪನಿ ಕಲಿಸಿದ್ದಲ್ಲ. ಅವ್ವ ಕಲಿಸಿದ್ದು,
ಶಹಾಪುರದ ಕಡೆ, ಕರೆಂಟು ಹೋದ ರಾತ್ರಿ:
ಹೊರಗ ಯಾರರೆ ಹೆಸರು ಹಿಡದು ಕರದ್ರ
ಒಮ್ಮೆಲೆ ಓ ಅನಬ್ಯಾಡ.
ಪರಿಚಯದ ದನಿ ಇದ್ರಂತೂ ಅನಲೇಬ್ಯಾಡ.
ದೆವ್ವಕ್ಕ ನಿಮ್ಮಪ್ಪನ ದನಿ ಬರತದ, ಸೋದರಮಾವನ ಕೆಮ್ಮು ಬರತದ.
ಮೂರು ಸಲ ಕರಿಯೋ ತಾಳ್ಮಿ ಮಾತ್ರ ಬರಂಗಿಲ್ಲ.

ಆ ಮಂಗಳವಾರ ೩೦೨ಕ್ಕ ಯಾರೂ ಬಂದಿದ್ದಿಲ್ಲ.
ಹಲ್ಲಿನ ಡಾಕ್ಟರ್ ಶರ್ವರಿ ಪೆಂಡ್ಸೆ ಸ್ಕೂಟಿ ತಗದಿದ್ದಿಲ್ಲ.
ಡಬ್ಬಾದಾಂವ ಎರಡು ಸಲ ವಾಪಸ್ ಹೋದ.
ಹಾಲಿನ ಪಾಕೀಟು ಬಾಗಲದಾಗೇ ಒಡದದ ಅಂತ
ಕಸದಾಕಿ ಹೇಳಿ ಹೋದ್ಳು.
ಇಂಟರ್‌ಕಾಮ್ ಮಾಡಿದೆ. ‘ಯಾರೂ ಇಲ್ಲ, ಏನಿಲ್ಲ.’
ಅಷ್ಟು ಸಣ್ಣ ದನಿ.
ತನ್ನ ಮನ್ಯಾಗ ತಾನೇ ಪರವಾನಗಿ ಕೇಳಿ ಮಾತಾಡಿದಂಗ.

ಯಾರೋ ಹೋಗ್ಯಾರ.
ನಾ ಇಲ್ಲೇ ಕೂತಾಗ, ಕ್ಯಾಮೆರಾ ನಾಕೂ ಕಣ್ಣು ತೆರದಾಗ,
ನನ್ನ ನೆತ್ತಿ ಮ್ಯಾಲಿಂದ ಹೋಗ್ಯಾರ.

ಲಿಫ್ಟು ಬಂದ್. ಮೆಟ್ಲ ಹತ್ತಿದೆ.
ಬೆಲ್ಲು ಒಮ್ಮೆ. ಇಲ್ಲ.
ಎರಡನೇದು. ಒಳಗ ಗಂಡಸರ ದನಿ, ಗದರಿಸೋ ಹಿಂದಿ.
ಮೂರನೇದು ಒತ್ತುವಾಗ ಅವ್ವ ನೆನಪಾದ್ಳು.

ಬಾಗಲ ನಾಕು ಬೆರಳು ತೆರೀತು.
ಕೈಯಾಗ ಫೋನು, ಫೋನಿನಾಗ ಖಾಕಿ,
ಖಾಕಿ ಹಿಂದ ಗ್ವಾಡಿ ತುಂಬ ಸಿಂಹದ ಮುದ್ರಿ.
‘ನಂಬರು ಠಾಣೆದ್ದೇ ಅದ, ನಾನೇ ನೋಡೀನಿ’ ಅಂದ್ಳು.
ಹನ್ನೊಂದು ತಾಸಿಂದ ಎದ್ದಿಲ್ಲ.
ದಿನಾ ಮಂದಿ ಬಾಯಿ ತೆರಸಾಕಿ.

ಕಾಯ್ದೆ ನನಗ ತಿಳಿಯಂಗಿಲ್ಲ.
ಫೋನಿಗಿ ಮಾರಿ ತಂದು ಅಂದೆ:
ಸಾಹೇಬ್ರ, ನಿಮ್ಮ ಎಂಟ್ರಿ ಆಗಿಲ್ಲ.
ಹೆಸರು ಹೇಳ್ರಿ, ಗಾಡಿ ನಂಬರು ಹೇಳ್ರಿ.
ಇಲ್ಲಾಂದ್ರ ಇಟ್ಟುಬಿಡ್ರಿ, ಮ್ಯಾಡಂ ತಾವೇ ಠಾಣೆಗಿ ಹಚ್ಚತಾರ.
ಅಲ್ಲೇ ಇದ್ರ ನೀವೇ ಎತ್ತತೀರಲ್ಲ.

ಖಾಕಿ ಒಂದು ಬೈಗುಳ ಬೈದು ಆರಿಹೋತು.
ಅಕಿ ಹಚ್ಚಿದ್ಳು. ಅಲ್ಲಿ ಯಾರೋ ಚಾ ಕುಡಕೋತ ಎತ್ತಿದ:
ಯಾವ ಕೇಸು? ಯಾವ ಸಾಹೇಬ?
ಅಷ್ಟರಾಗ ಎರಡು ಲಕ್ಷ ಹೋಗಿತ್ತು, ಎಂಟು ಉಳದಿತ್ತು.
ಹೋದದ್ದಕ್ಕ ಅತ್ತಳೋ ಉಳದದ್ದಕ್ಕೋ,
ನಾ ಹಾಲಿನ ಪಾಕೀಟು ತಗೊಂಡು ಕೆಳಗ ಬಂದೆ.

ರಜಿಸ್ಟರಿನಾಗ ಬರದೆ:
ಹೆಸರು ಗೊತ್ತಿಲ್ಲ. ಎಲ್ಲಿಂದ, ಗಾಳಿಯಿಂದ.
ಮನಿ ೩೦೨. ಇನ್, ಮುಂಜಾನೆ ಆರೂವರಿ.
ಔಟ್ ಬರಿಯಾಕ ಪೆನ್ನು ಎತ್ತಿದೆ, ಕೈ ಬರಲಿಲ್ಲ.
ಹೋಗ್ಯಾನಂತ ಯಾರು ಹೇಳ್ಯಾರ?

ರಾತ್ರಿ ಎರಡಕ್ಕ ನನ್ನ ಫೋನು ಬಡಕೊಂತು.
ಮ್ಯಾಲ ‘ಅವ್ವ’ ಅಂತ, ನಾನೇ ಒತ್ತಿಟ್ಟ ಹೆಸರು.
ಈಗೀಗ ಹೆಸರಂದ್ರ ಹಗ್ಗದ ಮ್ಯಾಲಿನ ಅಂಗಿ,
ಹೋಗೋ ಬರೋರು ಯಾರ ಬೇಕಾದ್ರೂ ತೊಟ್ಕೋಬಹುದು.
ಒಮ್ಮೆ ಬಿಟ್ಟೆ.
ಎರಡನೇದೂ ಬಿಟ್ಟೆ. ಎದಿ ಡವಡವ.
ಮೂರನೇದಕ್ಕ ಓ ಅಂದೆ.

ಆ ಕಡೆ ಅವ್ವ, ಉಸರು ಬಿಗಿಹಿಡದು:
‘ಈಗ ನಿನ್ನ ನಂಬರಿಂದ ಯಾರೋ ಅಳಕೋತ ರೊಕ್ಕ ಕೇಳಿದ.
ನಿನ್ನದೇ ದನಿ.
ನಾ ಇಟ್ಟುಬಿಟ್ಟು, ನಾನೇ ತಿರುಗಿ ಹಚ್ಚೀನಿ.
ನೀ ನನ್ನ ಮಗ ಹೌದಂದ್ರ ಹೇಳು,
ನಮ್ಮ ಕುಂಟ ಆಡಿನ ಹೆಸರೇನಿತ್ತು?’